ಮೂರು ಸ್ಕ್ರೂವಿನ ಕಾರ್ಬೊರೇಟರ್ ಹೊತ್ತು ಜಪಾನಿಗೆ

ಜೇವರ್ಗಿ

ಜಪಾನಿಗೆ ಹೋದವರು ಬರುವಾಗ ರೇಡಿಯೋ, ಗಡಿಯಾರ, ಕ್ಯಾಮೆರಾ ತರುತ್ತಾರೆ. ನಾನು ಇಲ್ಲಿಂದಲೇ ಜಪಾನಿ ಸಾಮಾನು ಕಟ್ಟಿಕೊಂಡು ಜಪಾನಿಗೆ ಹೋದವನು. ಆಳಂದದಲ್ಲಿ ನನ್ನ ಗ್ಯಾರೇಜಿನ ಎದುರಿಗಿರುವ ಚಹಾದಂಗಡಿಯವನು ಸುದ್ದಿ ಕೇಳಿ, "ಎಲ್ಲಾರೂ ಬಾವಿಯಿಂದ ನೀರ ತರ್ತಾರ, ನೀವು ಬಾವಿಗೇ ನೀರ ಹೊರಾಕತ್ತೀರಲ್ರಿ!" ಎಂದು ನಕ್ಕಿದ್ದ. ನಗಲಿ ಬಿಡಿ. ಆ ಗಂಟಿನಲ್ಲಿ ಏನಿತ್ತೆಂದು ಅವನಿಗೇನು ಗೊತ್ತು.

ನನ್ನ ಅಕ್ಕ ಮಹಾನಂದಾಳ ಗಂಡ ಜೇವರ್ಗಿಯಲ್ಲಿ ಡಾಕ್ಟರು. ನಾನು ಅವರನ್ನು ಮಾಮಾ ಎನ್ನುತ್ತೇನೆ. ಮೊದಲು ಅವರು ಕೀನ್ಯಾ ದೇಶದಲ್ಲಿ ನೌಕರಿಯಲ್ಲಿದ್ದರು. ಎಪ್ಪತ್ತರ ದಶಕದ ನಡುವಿನಲ್ಲಿ ಊರಿಗೆ ಮರಳಿದಾಗ ಅಲ್ಲಿ ಹೊಸದಾಗಿಯೇ ಕೊಂಡಿದ್ದ ಕಾರನ್ನು ಹಡಗಿನಲ್ಲಿ ತಂದರು. ಎರಡೇ ಬಾಗಿಲು, ಎರಡೇ ಸೀಟು, ಉದ್ದನೆಯ ಮೂತಿ, ಕಿತ್ತಳೆ ಬಣ್ಣ. ಓಟದ ಪಂದ್ಯಕ್ಕೆಂದು ಜಪಾನಿನವರು ಮಾಡಿದ ಆ ಗಾಡಿಯಲ್ಲಿ ಮಾಮಾ ಕೊಳಕೂರಿಗೆ ಹೆರಿಗೆ ಮಾಡಿಸಲು ಹೋಗುತ್ತಿದ್ದರು. ನೆಲಕ್ಕೆ ಹೊಟ್ಟೆ ತಾಗುವಷ್ಟು ಕುಳ್ಳ ಗಾಡಿ ಅದು. ಒಂದು ಮಳೆಗಾಲ ಎರೆಮಣ್ಣಿನಲ್ಲಿ ಹೂತುಹೋಗಿ ಎತ್ತು ಕಟ್ಟಿ ಎಳೆಸಬೇಕಾಯಿತು. ಕೂಸು ಡಾಕ್ಟರಿಗಿಂತ ಮೊದಲೇ ಹುಟ್ಟಿತ್ತು.

ಆ ಗಾಡಿಯ ಕೆಲಸವೆಲ್ಲ ನನ್ನದೇ ಆಗಿತ್ತು. ಎಂಬತ್ತರ ದಶಕದಲ್ಲಿ ಗೇರು ಬೀಳದಂತಾದಾಗ ಮಾತ್ರ ನನ್ನ ಕೈಗೆ ನೀಗಲಿಲ್ಲ. ದೂರದ ಪಟ್ಟಣವೊಂದರಲ್ಲಿ ನನಗೆ ಗೊತ್ತಿದ್ದ ಗ್ಯಾರೇಜಿಗೆ ನಾನೇ ಒಯ್ದು ಬಿಟ್ಟೆ. ನಾಲ್ಕು ತಿಂಗಳ ಮೇಲೆ ಗಾಡಿ ಸರಿಯಾಗಿ ಬಂತು. ಮರುವರ್ಷ ಯಾರೋ ಮಾಮಾನ ಕೈಗೆ ವಿದೇಶದ ಒಂದು ಕಾರಿನ ಪತ್ರಿಕೆ ಕೊಟ್ಟರು. ಅದರಲ್ಲಿ ಇದೇ ಕಾರಿನ ಎಂಜಿನ್ನಿನ ಚಿತ್ರವಿತ್ತು. ಗಾಳಿ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಉಣಿಸುವ ಎರಡು ಕಾರ್ಬೊರೇಟರುಗಳ ಟೊಪ್ಪಿಗೆಗೆ ಚಿತ್ರದಲ್ಲಿ ನಾಲ್ಕು ನಾಲ್ಕು ಸ್ಕ್ರೂ. ನಮ್ಮ ಗಾಡಿಯಲ್ಲಿ ಮೂರು ಮೂರು.

"ನಾಕು ಇದ್ದದ್ದು ಮೂರು ಹ್ಯಾಂಗಾದ್ವು? ನಿನ್ನ ಮಂದಿ ಅಸಲಿ ಬಿಚ್ಚಕೊಂಡು ಬ್ಯಾರೇವು ಹಚ್ಯಾರ. ನಿನಗ ಗೊತ್ತಿಲ್ದ ಆಗಿಲ್ಲಿದು, ಕಳ್ಳಾ" ಎಂದರು ಮಾಮಾ.

ಮೊದಲು ಎಷ್ಟಿದ್ದವೆಂದು ನಾನು ಎಣಿಸಿರಲಿಲ್ಲ. ಅವರೂ ಎಣಿಸಿರಲಿಲ್ಲ. ತಮ್ಮ ಮನೆಯ ಬಾಗಿಲಿಗೆ ಎಷ್ಟು ಮೊಳೆ ಹೊಡೆದಿದೆ ಎಂದು ಯಾರಿಗೆ ಗೊತ್ತಿರುತ್ತದೆ? ಗಾಡಿಯ ಕೆಲಸ ಸೋಲಾಪುರದ ಮೇಸ್ತ್ರಿಯೊಬ್ಬನ ಕೈಗೆ ಹೋಯಿತು. ಅದು ಹೋದರೆ ಹೋಗಲಿ. ನಮ್ಮ ಕಡೆ ನಾಗರಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಹೆಣ್ಣುಮಕ್ಕಳನ್ನು ತವರಿಗೆ ಕರೆತರಬೇಕು. ಕಳ್ಳ ಎನ್ನಿಸಿಕೊಂಡ ಮನೆಯ ಮೆಟ್ಟಿಲು ಹತ್ತಲಾರೆ ಎಂದು ನಾನು ಹೋಗಲಿಲ್ಲ. ಕರೆಯಲು ಬಾರದವರ ಮನೆಗೆ ಹೆಂಡತಿಯನ್ನು ಕಳಿಸಲಾರೆ ಎಂದು ಮಾಮಾ ಕಳಿಸಲಿಲ್ಲ. ನಮ್ಮವ್ವ ಪ್ರತಿ ಶ್ರಾವಣ ಉಂಡಿ ಕಟ್ಟಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಜೇವರ್ಗಿಗೆ ಕಳಿಸುತ್ತಿದ್ದಳು. ಎಂಟು ಪಂಚಮಿ ಹೀಗೇ ಹೋದವು.

ಒಂಬತ್ತನೆಯ ವರ್ಷ ಟೋಕಿಯೋದಲ್ಲಿ ಡಾಕ್ಟರರ ಸಮ್ಮೇಳನ ಬಂತು. ಗಂಡಹೆಂಡತಿ ಇಬ್ಬರೂ ಹೋಗುವುದೆಂದು ನಿಶ್ಚಯವಾಗಿತ್ತು. ಅಕ್ಕ ಇದ್ದಕ್ಕಿದ್ದಂತೆ ಹಟ ಹಿಡಿದಳು.

"ನಾ ವಿಮಾನ ಹತ್ತಂಗಿಲ್ಲ. ನನ್ನ ಬದ್ಲಿ ನನ್ನ ತಮ್ಮಗ ಕರ್ಕೊಂಡು ಹೋಗ್ರಿ. ಆ ಎರಡೂ ಬಿಚ್ಚಿ ಒಯ್ರಿ. ಮಾಡ್ದವ್ರ ಬಾಯಲೆ ಹೇಳಸ್ರಿ, ಅಸಲಿನೋ ನಕಲಿನೋ. ಫೈಸಲಾ ಮಾಡ್ಕೊಂಡೇ ಇಬ್ರೂ ಮನೀಗೆ ಬರ್ರಿ."

ಹೀಗೆ ನಾನು ಎಂಟು ವರ್ಷದ ಮೇಲೆ ಆ ಮನೆಯ ಮೆಟ್ಟಿಲು ಹತ್ತಿ ಕಾರ್ಬೊರೇಟರು ಬಿಚ್ಚಿದೆ. ಪರದೇಶಕ್ಕೆ ಹೊಲಸು ಸಾಮಾನು ಒಯ್ಯಬಾರದೆಂದು ಸೀಮೆಎಣ್ಣೆಯಲ್ಲಿ ತೊಳೆದೆ. ಅಕ್ಕ ಹುಣಸೆಹಣ್ಣು ಹಚ್ಚಿ ದೀಪದ ಸಮೆ ತಿಕ್ಕಿದಂತೆ ತಿಕ್ಕಿದಳು. ಬೆಳ್ಳಿಯ ಹಾಗೆ ಹೊಳೆದವು. ಒಂದು ಕಡೆ ಮಾತ್ರ ಮುಟ್ಟಗೊಡಲಿಲ್ಲ. ಗಾಡಿ ಜೇವರ್ಗಿಗೆ ಬಂದ ದಿನ ಆರತಿ ತಟ್ಟೆ ಹಿಡಿದುಕೊಂಡು ಅವಳು, "ಇದರ ಜೀವ ಎಲ್ಲಿ ಇರ್ತದೋ?" ಎಂದು ಕೇಳಿದ್ದಳು. ನಾನು ಬಾನೆಟ್ ಎತ್ತಿ ಇವನ್ನೇ ತೋರಿಸಿದ್ದೆ. ಅಂದು ಇವುಗಳ ಬದಿಯ ಚಪ್ಪಟೆ ಜಾಗದಲ್ಲಿ ವಿಭೂತಿ ಕುಂಕುಮ ಹಚ್ಚಿದವಳು ಆಮೇಲೆ ಪ್ರತಿ ವರ್ಷ ಖಂಡೆಪೂಜೆಗೆ, ಕಬ್ಬಿಣದ ಸಾಮಾನೆಲ್ಲ ಪೂಜಿಸುವ ದಿನ, ಅದರ ಮೇಲೆಯೇ ಹಚ್ಚುತ್ತ ಬಂದಿದ್ದಳು. ಎಣ್ಣೆ, ಧೂಳು ಸೇರಿ ಅದು ಅರಗಿನಂತೆ ದಪ್ಪ ಕಟ್ಟಿತ್ತು.

"ಪೂಜಿ ಮಾಡಿದ್ದು ಅದು, ಕೆರೀಬ್ಯಾಡ" ಎಂದು ತನ್ನ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟಳು.

ನರಿತಾ

ಮುಂಬಯಿಯಿಂದ ವಿಮಾನದಲ್ಲಿ ನಾವಿಬ್ಬರೂ ಪಕ್ಕಪಕ್ಕ ಕೂತು ಆಡಿದ ಮಾತುಗಳನ್ನು ಬೆರಳಿನ ಮೇಲೆ ಎಣಿಸಬಹುದು. "ಬೆಲ್ಟ್ ಹಾಕ್ಕೋ" ಎಂಬುದು ಎಲ್ಲಕ್ಕಿಂತ ಉದ್ದದ್ದು.

ನರಿತಾ ಎಂಬ ಟೋಕಿಯೋದ ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಗಂಟು ಬಿಚ್ಚಿಸಿದ. ಸೀರೆಯೊಳಗೆ ಹೊಳೆಯುವ ಲೋಹದ ಎರಡು ಡಬ್ಬಿ, ಅವಕ್ಕೆ ರಕ್ತದ ಬಣ್ಣದ ಗಡ್ಡೆ. ಅವನ ಹುಬ್ಬು ಮೇಲಕ್ಕೆ ಹೋದದ್ದು ಕೆಳಗಿಳಿಯಲಿಲ್ಲ. ಇನ್ನಿಬ್ಬರು ಬಂದು ನೋಡಿದರು. ಮಾಮಾ ಇಂಗ್ಲಿಷಿನಲ್ಲಿ ವಿವರಿಸಿ ಕಾರಿನ ಫೋಟೋ ತೋರಿಸಿದ ಮೇಲೆ ಮೂವರೂ ಒಟ್ಟಿಗೇ ಬಾಗಿ ನಮಸ್ಕರಿಸಿದರು. ನಮಗೋ ಕಾರಿಗೋ ತಿಳಿಯಲಿಲ್ಲ.

ನಾನು ಮೆಚ್ಚಿದ್ದು ಆಮೇಲಿನದನ್ನು. ಬಿಚ್ಚಿದವನು ತಾನೇ ಬಿಳಿ ಕೈಗವಸು ತೊಟ್ಟು ಆ ಸೀರೆಯನ್ನು ಮೊದಲಿದ್ದ ಮಡಿಕೆಗೇ ಮಡಿಚಿ, ಅಕ್ಕ ಹಾಕಿದ್ದ ಗಂಟನ್ನೇ ಹಾಕಿ, ಎರಡೂ ಕೈಯಿಂದ ಕೊಟ್ಟ. ನಮ್ಮಲ್ಲಿ ತಪಾಸಣೆಯಾದ ಪೆಟ್ಟಿಗೆಯನ್ನು ಮುಚ್ಚಲು ಅದರ ಮೇಲೆ ಒಬ್ಬರು ಕೂರಬೇಕಾಗುತ್ತದೆ.

ಟೋಕಿಯೋ

ಅಲ್ಲಿಯ ಟ್ಯಾಕ್ಸಿಯ ಬಾಗಿಲು ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಇದು ಗೊತ್ತಿಲ್ಲದೆ ನಾನು ಹಿಡಿ ಹಿಡಿದು ಜಗ್ಗಿದೆ. ಬಾಗಿಲು ತನ್ನ ಕಡೆ ಜಗ್ಗಿತು. ಟ್ರ್ಯಾಕ್ಟರ್ ಬಿಚ್ಚುವ ಕೈ ನನ್ನದು, ಬಿಡಲಿಲ್ಲ. ಡ್ರೈವರು ಒಳಗಿನಿಂದ ಏನೋ ಕೂಗಿದ. ಸೋತು ಬಿಟ್ಟಾಗ ಬಾಗಿಲು ಮೆತ್ತಗೆ ತೆರೆದುಕೊಂಡಿತು. ಆದರೆ ಅದು ಹೇಗೆ ತೆರೆಯಿತೆಂದು ನೋಡದೆ ನನಗೆ ಸಮಾಧಾನವಿಲ್ಲ. ಸೀಟಿನ ಕೆಳಗೆ ಬಗ್ಗಿ ಹುಡುಕುತ್ತಿದ್ದವನನ್ನು ಕಂಡು ಡ್ರೈವರು ಸಿಟ್ಟಾಗುವ ಬದಲು ಗಾಡಿ ಬದಿಗೆ ನಿಲ್ಲಿಸಿ, ತನ್ನ ಸೀಟಿನ ಪಕ್ಕದ ಸನ್ನೆಕೋಲನ್ನು ಎತ್ತಿ ಇಳಿಸಿ ಮೂರು ಸಲ ತೋರಿಸಿದ. ಮಾಮಾ ಮುಖ ಆಚೆ ತಿರುಗಿಸಿಕೊಂಡು ಕೂತಿದ್ದರು, ಹೆಗಲು ಮಾತ್ರ ನಗುತ್ತಿದ್ದವು. ಎಷ್ಟೋ ವರ್ಷದ ಮೇಲೆ ಅವರು ನಕ್ಕದ್ದನ್ನು ಕಂಡು ನನಗೂ ಖುಷಿಯಾಯಿತು.

ಖುಷಿ ಸಂಜೆಯವರೆಗೂ ಬಾಳಲಿಲ್ಲ. ಹೋಟೆಲಿನ ಕೋಣೆಯಲ್ಲಿ ಗಂಟು ಬಿಚ್ಚಿ ನೋಡಿದೆ. ಈ ದೇಶದ ರಸ್ತೆಯಲ್ಲೂ ಒಂದು ಕಲೆಯಿಲ್ಲ. ನಾಳೆ ಇಲ್ಲಿಯ ದೊಡ್ಡ ಜಾಣನ ಮುಂದೆ ಈ ಕೆಂಪು ಗಡ್ಡೆ ಇಡುವುದೇ ಎಂದು ನಾಚಿಕೆಯಾಯಿತು. ಅಕ್ಕನಿಗೆ ಮನಸ್ಸಿನಲ್ಲೇ ತಪ್ಪೊಪ್ಪಿಕೊಂಡು ಗಡ್ಡದ ಬ್ಲೇಡು ತೆಗೆದೆ. ಬ್ಲೇಡು ತಾಗಿಸುವಷ್ಟರಲ್ಲಿ ಮಾಮಾ ಸ್ನಾನ ಮುಗಿಸಿ ಹೊರಗೆ ಬಂದರು.

"ಏನ್ ಮಾಡಾಕತ್ತಿ?"

"ಕುಂಕುಮ ಕೆರೀತೇನ್ರಿ ಮಾಮಾ. ಚಂದ ಕಾಣಂಗಿಲ್ಲ."

"ಕೆರ್ಯಾಕತ್ತೀಯೋ, ಗುರ್ತು ಅಳಸಾಕತ್ತೀಯೋ?"

ಅಷ್ಟಂದು ಎರಡನ್ನೂ ನನ್ನ ಕೈಯಿಂದ ತೆಗೆದು ತಮ್ಮ ಸೂಟ್‌ಕೇಸಿನಲ್ಲಿಟ್ಟು ಕೀಲಿ ಹಾಕಿದರು. ಸಮುದ್ರ ದಾಟಿ ಬಂದರೂ ನಾನು ಕಳ್ಳನೇ. ಊಟಕ್ಕೆ ಹೋದಾಗ ನಾನು ಅನ್ನ ಮುಟ್ಟದೆ ಕೂತೆ. ಎರಡು ಕಡ್ಡಿಯಿಂದ ಹಿಡಿಯಲು ಬಾರದೆ ಹಾಗಾಯಿತೆಂದು ತಿಳಿದು ಪರಿಚಾರಿಕೆ ಚಮಚ ತಂದಿಟ್ಟಳು. ಪಾಪ, ಒಳ್ಳೆಯ ಹೆಣ್ಣುಮಗಳು.

ಯೊಕೊಹಾಮಾ

ಸಮ್ಮೇಳನದವರು ಕೊಟ್ಟಿದ್ದ ದುಭಾಷಿ ಹರುಕೊ ಎಂಬಾಕೆ ನಾಲ್ಕು ಕಡೆ ವಿಚಾರಿಸಿ ಮೊರಿಯಾಮಾ ಎಂಬ ಮುದುಕನನ್ನು ಹುಡುಕಿದ್ದಳು. ಈ ಕಾರು ತಯಾರಾಗುತ್ತಿದ್ದಾಗ ಅದರ ಎಂಜಿನ್ ಜೋಡಿಸುವ ಸಾಲಿನಲ್ಲಿ ನಿಂತು ದುಡಿದವನು ಅವನು. ನಿವೃತ್ತನಾದ ಮೇಲೆ ಹಳೆಯ ಕಾರುಗಳ ಸಾಮಾನು ಗುರುತಿಸಿ ಹೇಳುವುದೇ ಅವನ ಕಸುಬು. ಹಳೆಯ ಕಾರು ಮೊದಲಿನಂತೆ ಮಾಡಿಸಬೇಕೆನ್ನುವವರು ಅವನ ಒಂದು ಮಾತಿಗಾಗಿ ಎಲ್ಲೆಲ್ಲಿಂದಲೋ ಬರುತ್ತಾರಂತೆ.

ಗ್ಯಾರೇಜಿನ ಹೊಸ್ತಿಲಲ್ಲೇ ಚಪ್ಪಲಿ ಬಿಡಬೇಕು ಎಂದರೆ ನಂಬುತ್ತೀರಾ? ನನ್ನ ಗ್ಯಾರೇಜಿನಲ್ಲಿ ಚಪ್ಪಲಿ ಬಿಟ್ಟವನು ಧನುರ್ವಾಯು ಬಂದು ಮಾಮಾನ ದವಾಖಾನೆ ಸೇರುತ್ತಾನೆ. ಬೂಟು ಕಳಚಿದೆ. ಕಾಲುಚೀಲದ ತೂತಿನಿಂದ ನನ್ನ ಹೆಬ್ಬೆಟ್ಟು ಇಣುಕಿತು. ಮೊರಿಯಾಮಾ ಅದನ್ನು ನೋಡದವನಂತೆ ಒಂದು ಜೋಡು ಮನೆಚಪ್ಪಲಿ ಮುಂದಿಟ್ಟ. ನೆಲ ಅಕ್ಕನ ಅಡುಗೆಮನೆಯಷ್ಟು ಚೊಕ್ಕವಾಗಿತ್ತು. ಗೋಡೆಯ ತುಂಬ ಸಣ್ಣ ಸಣ್ಣ ಮರದ ಸೆಳೆಪೆಟ್ಟಿಗೆ, ಒಂದೊಂದರಲ್ಲಿ ಒಂದೊಂದು ಜಾತಿಯ ಬೋಲ್ಟು. ನನ್ನಲ್ಲಿ ಎಲ್ಲ ಬೋಲ್ಟೂ ಒಂದೇ ಡಾಲ್ಡಾ ಡಬ್ಬಿಯಲ್ಲಿ ಸುಖವಾಗಿವೆ.

ಅಲ್ಲಿ ಮಾತು ಮೂರು ಹಾದಿ ನಡೆಯಬೇಕಿತ್ತು. ಮುದುಕ ಜಪಾನಿಯಲ್ಲಿ ಹೇಳಿದ್ದನ್ನು ಹರುಕೊ ಇಂಗ್ಲಿಷಿಗೆ ತಿರುಗಿಸಬೇಕು, ನನಗೆ ಆ ಇಂಗ್ಲಿಷ್ ಹತ್ತದು, ಆದ್ದರಿಂದ ಮಾಮಾ ಅದನ್ನು ಕನ್ನಡದಲ್ಲಿ ಹೇಳಬೇಕು. ನನ್ನ ತೀರ್ಪು ನನ್ನ ಮೇಲೆ ದೂರು ಹೊರಿಸಿದವರ ಬಾಯಿಂದಲೇ ಬರಬೇಕಿತ್ತು.

ಮೊದಲು ಫೋಟೋಗಳನ್ನು ನೋಡಿದ. ಎಂಥ ಕಣ್ಣು ಅವನದು! ಕನ್ನಡಿ ಬೇರೆ ಕಾರಿನದು, ಹಾರ್ನು ಬಸ್ಸಿನದು, ಮುಂದಿನ ಗಾಜು ಮಾತ್ರ ಹುಟ್ಟಿನದು, ಅದರ ಮೂಲೆಯಲ್ಲಿ ಚುಕ್ಕಿಗಳ ಗುರುತು ಇದೆ ಎಂದ. ಬೋಲ್ಟಿನ ತಲೆಯ ಮೇಲಿನ ಅಂಕಿ ನೋಡಿ ಯಾವುದು ಕಾರ್ಖಾನೆಯದು, ಯಾವುದು ಹೊರಗಿನದು ಎಂದು ಬೆರಳಿಟ್ಟು ತೋರಿಸಿದ. ರೇಡಿಯೇಟರಿನ ರಬ್ಬರ್ ಕೊಳವೆಯ ಹತ್ತಿರ ಬಂದು ನಿಂತ. ಎಲ್ಲಿಯದೆಂದು ಅವನಿಗೆ ಹೊಳೆಯಲಿಲ್ಲ.

"ಟ್ರ್ಯಾಕ್ಟರಿಂದು" ಎಂದೆ ನಾನು. ಕರಜಗಿಯ ಕಬ್ಬಿನ ಗದ್ದೆಯಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರಿನಿಂದ ತೆಗೆದು ಕೊಯ್ದು ಕೂಡಿಸಿದ್ದೆ. ಹರುಕೊ ಹೇಳಿದಾಗ ಮುದುಕ ತೊಡೆ ತಟ್ಟಿ ನಕ್ಕು, ಎಷ್ಟು ವರ್ಷದಿಂದ ಇದೆ ಎಂದು ಕೇಳಿದ. ಹತ್ತು ವರ್ಷ ಎಂದಾಗ ನಗು ನಿಲ್ಲಿಸಿ ನನ್ನ ಕಡೆ ತಲೆ ಬಾಗಿಸಿದ. ಆ ಬಾಗುವಿಕೆಗೆ ನಾನು ಸೋತುಹೋದೆ.

ಆಮೇಲೆ ಮಾಮಾ ಕೀಲಿ ತೆಗೆದು ಗಂಟು ಬಿಚ್ಚಿದರು. ಮುದುಕನ ಮುಖ ಕಪ್ಪಿಟ್ಟಿತು. ಹೊಳಪನ್ನು ಹೆಬ್ಬೆರಳಿನಿಂದ ಸವರಿ ಒಂದು ಮಾತು ಹೇಳಿದ.

"ಯಾಕ ತಿಕ್ಕೀರಿ ಅಂತ ಕೇಳಾಕತ್ತಾನ" ಎಂದರು ಮಾಮಾ. "ಅಚ್ಚಿನ್ಯಾಗಿಂದ ಬಂದಾಗ ಮೈಮ್ಯಾಲ ಒಂದು ಬಣ್ಣ ಇರ್ತದಂತ, ಕಾರ್ಖಾನಿಯವ್ರ ಹಚ್ಚಿದ ಗುರ್ತು ಇರ್ತಾವಂತ. ಪಾಟಿ ಒರಸಿ ಕೈಯಾಗ ಕೊಟ್ಟು, ಏನ್ ಬರದಿತ್ತು ಓದು ಅಂದಂಗಾತು, ಅಂತಾನ."

ನನ್ನನ್ನು ಕಾಯಬಹುದಾಗಿದ್ದ ಸಾಕ್ಷಿಯನ್ನು ನಾನೂ ಅಕ್ಕನೂ ಸೇರಿ ಹುಣಸೆಹಣ್ಣು ಹಾಕಿ ತೊಳೆದಿದ್ದೆವು.

ಮಾಮಾ ಪತ್ರಿಕೆಯ ಚಿತ್ರ ಮುಂದಿಟ್ಟರು. ನಾಲ್ಕು ಸ್ಕ್ರೂ. ಮುದುಕ ಅದನ್ನು ಒಂದು ಕ್ಷಣ ನೋಡಿ ಬದಿಗಿಟ್ಟು, ನಿಮ್ಮ ಕಾರಿನ ನಂಬರು ಕೊಡಿ ಎಂದ. ಎಂಜಿನ್ನಿನ ಹತ್ತಿರದ ತಗಡಿನ ಮೇಲೆ ಕಾಗದವಿಟ್ಟು ಸೀಸದಕಡ್ಡಿ ಉಜ್ಜಿ ಇಳಿಸಿಕೊಂಡಿದ್ದ ಕಾರಿನ ಮತ್ತು ಎಂಜಿನ್ನಿನ ನಂಬರುಗಳು ಮಾಮಾನ ಕಿಸೆಯಲ್ಲಿದ್ದವು. ಮುದುಕ ಕೈಬರಹದ ಹಳೆಯ ನೋಟುಬುಕ್ಕು ತೆರೆದು ಬೆರಳು ಆಡಿಸುತ್ತ ಹೋಗಿ ಒಂದು ಸಾಲಿನಲ್ಲಿ ನಿಲ್ಲಿಸಿದ. ಹರುಕೊ ಹೇಳಿದ್ದನ್ನು ಮಾಮಾ ನಿಧಾನವಾಗಿ ಹೇಳಿದರು:

"ಮೊದಲ ತಯಾರಾದ ಗಾಡಿಗೋಳಿಗೆ ನಾಕು ಸ್ಕ್ರೂ ಇದ್ದುವಂತ. ಆಮ್ಯಾಲ ಮೂರು ಮಾಡ್ಯಾರಂತ. ಚಿತ್ರದಾಗಿಂದು ಮೊದಲಿನ ಗಾಡಿ. ನಮ್ಮ ನಂಬರಿನ ಗಾಡಿಗೆ ಮೂರೇ ಇರಬೇಕಂತ."

ನಾನು ಮಾಮಾನ ಮುಖ ನೋಡಿದೆ. ಅವರೂ ನೋಡಿದರು. ಆದರೆ ಡಾಕ್ಟರರು ಒಂದೇ ಪರೀಕ್ಷೆಗೆ ರೋಗ ಹೋಯಿತೆಂದು ಒಪ್ಪುವವರಲ್ಲ.

"ಜಾತಿ ಬರೋಬರ್ ಅದ, ಆತು" ಎಂದರು. "ನಮ್ಮವೇ ಇವು ಅಂತ ಏನು ಖಾತ್ರಿ? ಇದೇ ಜಾತಿವು ಸವದವು ತಂದು ಹಚ್ಚಿದ್ರ?"

ಇದನ್ನೇ ಇಂಗ್ಲಿಷಿನಲ್ಲಿ ಕೇಳಿದರು. ಮುದುಕ ಉತ್ತರಿಸದೆ ಕಾರ್ಬೊರೇಟರನ್ನು ತಿರುಗಿಸಿ ಆ ಕೆಂಪು ಗಡ್ಡೆಯ ಮೇಲೆ ಬೆರಳಿಟ್ಟ. ಇದೇನು?

ನಾನೇ ಬಾಯಿಗೆ ಬಂದ ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಹೇಳಿದೆ. ವರ್ಷಕ್ಕೊಮ್ಮೆ ಪೂಜೆ. ಅಕ್ಕ ಹಚ್ಚುತ್ತಾಳೆ. ಮೊದಲ ದಿನದಿಂದ. ಮುದುಕ ನಗುತ್ತಾನೆಂದು ಕಾಯ್ದೆ. ನಗಲಿಲ್ಲ. ಹೊಸವರ್ಷದ ದಿನ ತಾನೂ ಲೇಥಿನ ಮೇಲೆ ಅಕ್ಕಿಯ ಎರಡು ಉಂಡೆ ಇಟ್ಟು ನಮಸ್ಕರಿಸುತ್ತೇನೆ, ಆ ದಿನ ಯಂತ್ರಕ್ಕೆ ರಜೆ ಎಂದ. ಪಕ್ಕಾ ನಮ್ಮ ಆಳಂದದ ಮಾತು! ಆಮೇಲೆ, ಇದನ್ನು ತೆಗೆದರೆ ನಿಮ್ಮ ದೇವರಿಗೆ ಬೇಸರವೇ, ಕೆಳಗಿನ ಜಾಗ ನಾನು ನೋಡಬೇಕು ಎಂದು ಅಪ್ಪಣೆ ಕೇಳಿದ. ನಾನು ಕೈಮುಗಿದು ಹೂಂ ಎಂದೆ.

ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲಿಟ್ಟು ನೆನೆಯಲು ಬಿಟ್ಟು ನಮಗೆ ಚಹಾ ಕೊಟ್ಟ. ಹಸಿರು ಚಹಾ, ಹಾಲಿಲ್ಲ, ಸಕ್ಕರೆಯಿಲ್ಲ. ಆ ಹೊತ್ತಿನಲ್ಲಿ ಬೇವಿನ ಕಷಾಯ ಕೊಟ್ಟಿದ್ದರೂ ನಾನು ಕುಡಿಯುತ್ತಿದ್ದೆ. ಆಮೇಲೆ ಮೆತ್ತನೆಯ ಬ್ರಶ್ಶಿನಿಂದ ಪದರ ಪದರವಾಗಿ ಬಿಡಿಸತೊಡಗಿದ. ಕುಂಕುಮ, ವಿಭೂತಿ, ಮತ್ತೆ ಕುಂಕುಮ. ಹದಿನೇಳು ಹದಿನೆಂಟು ವರ್ಷದ ಖಂಡೆಪೂಜೆ ಒಂದೊಂದಾಗಿ ಕಳಚಿ ಬಟ್ಟೆಗೆ ಹತ್ತಿತು. ಕೊನೆಯ ಪದರದಡಿಯಲ್ಲಿ ಹಳದಿ ಕಾಣಿಸಿತು. ಬಣ್ಣದ ಕುಂಚದಿಂದ ಬರೆದ ಅಂಕಿಗಳು: ನಾಲ್ಕು, ಒಂದು, ಏಳು.

ಮುದುಕ ಎರಡನೆಯದನ್ನೂ ಹಾಗೆಯೇ ಬಿಡಿಸಿದ. ಅದೇ ಅಂಕಿ. ಬಹಳ ಹೊತ್ತು ಹರುಕೊಗೆ ಏನೋ ಹೇಳಿದ. ಹರುಕೊ ಮಾಮಾನಿಗೆ ಹೇಳಿದಳು. ನಾನು ಮಾಮಾನ ಬಾಯಿಯನ್ನೇ ನೋಡುತ್ತ ನಿಂತೆ.

"ಏನಂತಾನ್ರಿ ಮಾಮಾ?"

ಮಾಮಾ ಕಿಸೆಯಿಂದ ಆ ಸೀಸದಕಡ್ಡಿಯ ಕಾಗದ ತೆಗೆದು ಮೇಜಿನ ಮೇಲೆ ನನ್ನ ಕಡೆ ಸರಿಸಿದರು. ಎಂಜಿನ್ನಿನ ನಂಬರಿನ ಕೊನೆಯ ಮೂರಂಕಿ ನಾಲ್ಕು, ಒಂದು, ಏಳು.

"ಎರಡೂ ಕೂಡಿಸಿ ಹದಾ ಮಾಡಿದ್ ಮ್ಯಾಲ ಜೋಡಿ ತಪ್ಪಬಾರ್ದಂತ ಎಂಜಿನ್ ನಂಬರ್ ಬರೀತಿದ್ರಂತ" ಎಂದರು. "ಹುಟ್ಟಿದ ದಿವ್ಸದಿಂದ ಇವು ಆ ಗಾಡ್ಯಾಗೇ ಅವ."

ಯಾವ ಗ್ಯಾರೇಜಿನವರೂ ಏನನ್ನೂ ಬದಲಿಸಿರಲಿಲ್ಲ. ಆ ಏಳರ ಬಾಲ ಎಡಕ್ಕೆ ಸ್ವಲ್ಪ ಡೊಂಕಾಗಿತ್ತು. ಅದು ತನ್ನ ಎದುರಿಗೆ ನಿಂತು ದುಡಿಯುತ್ತಿದ್ದವನ ಕೈ, ಅವನೀಗ ಇಲ್ಲ ಎಂದು ಮೊರಿಯಾಮಾ ಅಂಕಿಯ ಮೇಲೆ ಬೆರಳಿಟ್ಟು ಹೇಳಿದ. ನನಗೆ ಅಳು ಬಂತು. ಬಂದದ್ದನ್ನು ಮುಚ್ಚಿಡುವ ಶಕ್ತಿ ಇರಲಿಲ್ಲ, ಅತ್ತುಬಿಟ್ಟೆ.

ಹೊರಡುವಾಗ ಮುದುಕ ಇದೇ ಕಾರ್ಬೊರೇಟರಿಗೆ ಬೇಕಾದ ವಾಷರು, ಸೂಜಿಗಳ ಒಂದು ಹಳೆಯ ಪೊಟ್ಟಣ ತೆಗೆದ. ಕಾರ್ಖಾನೆಯದೇ, ಅದೇ ಕಾಲದ್ದು. ಕೊಡುವ ಮೊದಲು ಕುಂಚ ಹಿಡಿದು ಏನೋ ಕೇಳಿದ.

"ಸಾಮಾನು ಮಾಲಕನ ಹೆಸರಿಗೆ ಕೊಡಂಗಿಲ್ಲಂತ" ಎಂದರು ಮಾಮಾ. "ಕೂಡಸವ್ರ ಹೆಸರು ಬರದೇ ಕೊಡ್ತಾನಂತ."

ಸೋಲಾಪುರದ ಮೇಸ್ತ್ರಿಯ ಹೆಸರು ಬರುತ್ತದೆಂದು ನಾನು ಬೂಟು ಹಾಕಿಕೊಳ್ಳಲು ಬಗ್ಗಿದೆ. ಮಾಮಾ ನನ್ನ ಹೆಸರನ್ನು ಬಿಡಿಸಿ ಬಿಡಿಸಿ ಹೇಳುವುದು ಕೇಳಿಸಿತು. ಶಿವಶರಣಪ್ಪ. ಹರುಕೊಗೆ ತಿಳಿಯಲಿಲ್ಲ. ಮತ್ತೆ ಹೇಳಿದರು. ಮೂರನೆಯ ಸಲ ಗಟ್ಟಿಯಾಗಿ ಹೇಳಿದರು. ಮುದುಕ ಅದನ್ನು ತನ್ನ ಲಿಪಿಯಲ್ಲಿ ಬರೆದು ಪೊಟ್ಟಣವನ್ನು ಎರಡೂ ಕೈಯಿಂದ ನನಗೇ ಕೊಟ್ಟ.

ರೈಲು ನಿಲ್ದಾಣ

ಅಲ್ಲಿ ಜನ ರೈಲಿಗಾಗಿ ನೆಲದ ಮೇಲಿನ ಗೆರೆಯ ಹಿಂದೆ ಸಾಲಾಗಿ ನಿಲ್ಲುತ್ತಾರೆ. ಬಾಗಿಲು ಸರಿಯಾಗಿ ಆ ಗೆರೆಯ ಮುಂದೆಯೇ ಬಂದು ನಿಲ್ಲುತ್ತದೆ. ವಾಡಿ ಜಂಕ್ಷನ್ನಿನಲ್ಲಿ ಗಂಟು ಹೊತ್ತು ಡಬ್ಬಿಯ ಹಿಂದೆ ಓಡಿದವರಿಗಷ್ಟೇ ಇದರ ಬೆಲೆ ತಿಳಿಯುತ್ತದೆ. ನಾವೂ ಸಾಲಿನಲ್ಲಿ ನಿಂತೆವು, ಮಾಮಾ ಮುಂದೆ, ನಾನು ಹಿಂದೆ.

"ನಾ ನಿನಗ ಕಳ್ಳ ಅಂದಿದ್ನಿ" ಎಂದರು, ತಿರುಗದೆ.

ಇಂಥ ದಿನಕ್ಕೆಂದು ಎಂಟು ವರ್ಷದಿಂದ ಕೂಡಿಸಿಟ್ಟಿದ್ದ ಮಾತುಗಳು ನನ್ನಲ್ಲಿ ಬಹಳ ಇದ್ದವು. ಬಾಯಿಗೆ ಬಂದದ್ದು ಒಂದೇ.

"ನನಗಂದದ್ದು ಹೋಗ್ಲಿ ಬಿಡ್ರಿ ಮಾಮಾ. ಅಕ್ಕ ಏನ್ ಮಾಡಿದ್ಳು? ಅವ್ವ ಏನ್ ಮಾಡಿದ್ಳು? ನಾನೂ ಮಾನಗೇಡಿ, ಸಿಟ್ಟು ಹಿಡಕೊಂಡು ಕರಿಯಾಕ ಬರ್ಲಿಲ್ಲ."

ಮಾಮಾ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು. ರೈಲು ಬಂತು, ಬಾಗಿಲು ಗೆರೆಯ ಮುಂದೆ ನಿಂತಿತು, ಸಾಲು ಒಳಗೆ ಹೋಯಿತು. ನಾವು ಹತ್ತಲಿಲ್ಲ. ಹಿಂದಿನವರು ನಮ್ಮನ್ನು ಮುಟ್ಟದೆ ಬದಿಯಿಂದ ಸರಿದು ಹೋದರು.

"ಪಂಚಮಿ ಯಾವಾಗ ಅದ?"

"ಇನ್ನ ಮೂರು ತಿಂಗಳದ್ರಿ. ಈ ಸಲ ಕರಿಯಾಕ ಬರ್ತೇನಿ."

"ನೀ ಬರಬ್ಯಾಡ" ಎಂದರು.

ಮಾಮಾ ಕನ್ನಡಕ ಹಾಕಿಕೊಂಡು ಈಗ ನನ್ನ ಕಡೆ ತಿರುಗಿದರು.

"ನಾನೇ ಕರ್ಕೊಂಡು ಬರ್ತೇನಿ. ನಿಮ್ಮವ್ವನ ಮ್ಯಾಲ ಎಂಟು ವರ್ಷ ಮಗಳಿಲ್ದ ಪಂಚಮಿ ಹೇರೀನಿ. ಆಕಿ ಮುಂದ ನಿಂತು ತಪ್ಪಾತು ಅನ್ನವ ನಾ, ನೀ ಅಲ್ಲ."